ದಿನಾ ಕಿವ್ಯಾಗ ಇರ್ತೈತಿ, ಅದರ ಬಗ್ಗೆ ಇಂಗ್ಲಿಷ್‌ನ್ಯಾಗ ಎರಡು ಮಾತು ಆಡಾಕ ಬರವಲ್ತು

ಚಿಗರಿ_ಸವಾರಿ · ರವಿವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರೀ. ನಾ ಹುಬ್ಬಳ್ಳಿ ಒಂದು ಖಾಸಗಿ ದವಾಖಾನ್ಯಾಗ ಸ್ಟಾಫ್ ನರ್ಸ್. ಮನಿ ಧಾರವಾಡ ಟೋಲ್‌ನಾಕಾ ಹತ್ರ. ದಿನಾ ಚಿಗರಿ ಬಸ್ಸಿನ್ಯಾಗ ಓಡಾಟ. ಹೋಗುಮುಂದ, ಬರುಮುಂದ ಕಿವ್ಯಾಗ ಬಡ್ಸ್ ಇದ್ದ ಇರ್ತಾವ. ಇಂಗ್ಲೆಂಡಿಗೆ ಹೋಗ್ಬೇಕಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾದ ತಯಾರಿ ನಡಸೇನಿ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಬರಿಯೋದ್ರಾಗ 6.5 ಬಂದ್ರ ನಡೀತೈತಿ, ಮಾತಾಡೋದ್ರಾಗ ಮಾತ್ರ 7 ಬೇಕ ಬೇಕು.

ನಿನ್ನೆ ಕೋಚಿಂಗ್ ಕ್ಲಾಸಿನ್ಯಾಗ ಮಾಕ್ ಟೆಸ್ಟ್ ಇತ್ತು. ಸರ್ ಕೇಳಿದ್ದು, "ಡು ಯೂ ಯೂಸ್ ಹೆಡ್‌ಫೋನ್ಸ್?" ಇದೇನ್ ಪ್ರಶ್ನಿ, ದಿನಾ ನಾಕು ತಾಸು ಕಿವ್ಯಾಗ ಇಟ್ಕೊಂಡಿರ್ತೇನಿ ಅಂತ ಮನಸ್ಸಿನ್ಯಾಗ ನಕ್ಕೆ. ಬಾಯಾಗ ಬಂದದ್ದು ಇದು: "ಯೆಸ್ ಸರ್, ಐ ಆಮ್ ಯೂಸಿಂಗ್ ಹೆಡ್‌ಫೋನ್ ಡೈಲಿ. ಐ ವಿಲ್ ಪುಟ್ ಹೆಡ್‌ಫೋನ್ ಟು ಇಯರ್ ಅಂಡ್ ಐ ವಿಲ್ ಹಿಯರ್ ಸಾಂಗ್ಸ್. ಬಟ್ ಒನ್ ಸೈಡ್ ಈಸ್ ನಾಟ್ ಕಮಿಂಗ್."

ಅಲ್ಲಿಗೆ ಗಾಡಿ ನಿಂತ್ತು. ಮುಂದ ಏನೂ ಹೊಳೀಲಿಲ್ಲ. 5.5 ಕೊಟ್ರು. ಒನ್ ಸೈಡ್ ಈಸ್ ನಾಟ್ ಕಮಿಂಗ್ ಅಂದ ಕೂಡ್ಲೇ ಹಿಂದ ಕುಂತವ್ರು ಕಿಸಕ್ಕಂತ ನಕ್ರು. ಯಾಕ ನಕ್ರಿ, ಏನ್ ಅನಬೇಕಿತ್ತು ಅಂತ ಯಾರೂ ಹೇಳ್ಲಿಲ್ಲ, ಸರ್ ಸೈತ. ನೀವರ ಹೇಳ್ರಿ. ಐಸಿಯುದಾಗ ಡಾಕ್ಟರ್ ಮುಂದ ಇಂಗ್ಲಿಷ್ ಮಾತಾಡ್ತೇನಿ, ಅಡ್ಡಿ ಇಲ್ಲ. ಹೆಡ್‌ಫೋನಿನಂಥಾ ಸಣ್ಣ ಸಾಮಾನಿನ ಬಗ್ಗೆ ಯಾಕ ನಾಲಿಗಿ ಕಟ್ಟಿ ಹೋಕ್ಕೈತಿ?

ಬ್ಯಾಡಗಿ_ಖಾರ · ರವಿವಾರ, ರಾತ್ರಿ 9:52

"ಯೆಸ್" ಅಂದು ಸುಮ್ನ ಆಗಿದ್ರ 6 ಬರ್ತಿತ್ತು.

ರಾತ್ರಿ_ಪಾಳಿ · ರವಿವಾರ, ರಾತ್ರಿ 10:05

@ಬ್ಯಾಡಗಿ_ಖಾರ ಬರಂಗಿಲ್ಲೋ ಮಾರಾಯಾ. ಬರೇ ಯೆಸ್ ಅಂದ್ರ ಅವ್ರು ಅಳಿಯೋದು ಏನನ್ನ? ಮೊದಲನೇ ಭಾಗ 4–5 ನಿಮಿಷ ಇರ್ತೈತಿ, ನಿನ್ನ ಬಗ್ಗೇನ ಸಣ್ಣ ಸಣ್ಣ ಪ್ರಶ್ನಿ. ಒಂದೊಂದಕ್ಕ ಎರಡು ಮೂರು ವಾಕ್ಯ ಆಡಬೇಕು. ತಡವರಿಸದ ಮಾತಾಡೋದು, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ, ಈ ನಾಕಕ್ಕೂ ಸಮಾನ ಮಾರ್ಕ್. ಉಚ್ಚಾರ ಅಂದ್ರ ಗೋರೇರಂಗ ಮಾತಾಡೋದಲ್ಲ, ಅವ್ರಿಗೆ ತಿಳೀಬೇಕು, ಅಷ್ಟ.

ನಿವೃತ್ತ_ಮಾಸ್ತರ · ರವಿವಾರ, ರಾತ್ರಿ 10:48

ನಕ್ಕವರು ನಕ್ಕೊಳ್ಳಲಿ. ತಂಗೀ, ನಿನ್ನ ಮಾತಿನಾಗಿನ ತಪ್ಪು ದಡ್ಡತನದಿಂದ ಬಂದದ್ದಲ್ಲ, ಕನ್ನಡದಿಂದ ಬಂದದ್ದು. ನಾನು ಗದಗ ಜಿಲ್ಲಾದ ಹೈಸ್ಕೂಲುಗಳೊಳಗ ಇಂಗ್ಲಿಷ್ ಕಲಿಸಿ ಕಲಿಸಿ ಕೂದಲಾ ಬೆಳ್ಳಗ ಮಾಡಿಕೊಂಡಾಂವ. ಈ ತಪ್ಪುಗಳು ನನಗ ಮನಿ ಮಂದಿ ಇದ್ಧಂಗ. ಒಂದೊಂದನ್ನ ಗುರ್ತಾ ಮಾಡಿ ಕೊಡ್ತೇನಿ, ಕೂತು ಓದು.

"ಐ ವಿಲ್ ಪುಟ್, ಐ ವಿಲ್ ಹಿಯರ್" ಎಲ್ಲಿಂದ ಬಂತು? ನಾವು "ದಿನಾ ಹಾಡು ಕೇಳ್ತೇನಿ" ಅಂತೀವಿ, "ನಾಳೆ ಹಾಡು ಕೇಳ್ತೇನಿ" ಅಂತನೂ ಅಂತೀವಿ. ರೂಢಿಗೂ ನಾಳಿಗೂ ಕನ್ನಡದಾಗ ಕ್ರಿಯಾಪದದ ರೂಪ ಒಂದ. ಇಂಗ್ಲಿಷಿನಾಂವ ಅವೆರಡನ್ನ ಬ್ಯಾರೆ ಬ್ಯಾರೆ ಡಬ್ಬಿಯೊಳಗ ಇಟ್ಟಾನ. ನಾವು ನಾಳಿನ ಡಬ್ಬಿಯೊಳಗ ಕೈ ಹಾಕಿ ರೂಢಿ ತಗೀತೀವಿ. "ಐ ಲಿಸನ್" ಅಂದ್ರ ದಿನದ್ದು, "ಐ ವಿಲ್ ಲಿಸನ್" ಅಂದ್ರ ಮುಂದಿಂದು.

ಆದ್ರ "ಐ ಆಮ್ ಯೂಸಿಂಗ್ ಡೈಲಿ" ಅಂದದ್ದಕ್ಕ ಕನ್ನಡದ ಮ್ಯಾಲ ಗೂಬಿ ಕೂರಸಬ್ಯಾಡ. "ಬಳಸ್ತೇನಿ" ಬ್ಯಾರೆ, "ಬಳಸಾಕತ್ತೇನಿ" ಬ್ಯಾರೆ, ಹೌದಲ್ಲೋ? "ದಿನಾ ರೊಟ್ಟಿ ತಿನ್ನಾಕತ್ತೇನಿ" ಅಂತ ಯಾರರ ಅಂದ್ರ, ಡಾಕ್ಟರು ಹೊಸದಾಗಿ ಅನ್ನ ಬಿಡ್ಸ್ಯಾರೇನು ಅಂತ ಕೇಳ್ತಾರ. ಇಂಗ್ಲಿಷಿನಾಗೂ ಹಂಗ ಅದ. "ಐ ಯೂಸ್ ದೆಮ್ ಎವ್ರಿ ಡೇ" ಅಂದ್ರ ಸಾಕು. ಕನ್ನಡದಾಗ "-ಆಕತ್ತೇನಿ" ಬಂದ್ರ ಇಂಗ್ಲಿಷಿನಾಗ ಐ-ಎನ್-ಜಿ, ಇಷ್ಟು ನೆನಪಿಟ್ಟುಕೋ.

ಈಗ ಅಸಲೀ ಮಾತು. ಹಿಯರ್ ಮತ್ತು ಲಿಸನ್. ಇದರಾಗ ಎಂ.ಎ. ಮಾಡಿದವರೂ ಜಾರಿ ಬೀಳ್ತಾರ. ಆದ್ರ ಕನ್ನಡದ ಕೂಸಿಗೆ ಇದು ಜಾರೋ ಜಾಗಾನ ಅಲ್ಲ, ಯಾಕಂದ್ರ ನಮ್ಮಲ್ಲಿ ಕೇಳು, ಕೇಳಿಸು ಅಂತ ಎರಡು ಅದಾವು. "ನಾನು ಹಾಡು ಕೇಳಿದೆ" ಅಂದ್ರ ಮನಸ್ಸಿಟ್ಟು ಮಾಡಿದ ಕೆಲಸ. "ನನಗ ಹಾರ್ನ್ ಕೇಳಿಸ್ತು" ಅಂದ್ರ ತಾನಾಗೇ ಬಂದು ಕಿವಿಗೆ ಬಿದ್ದದ್ದು. ವಾಕ್ಯಾ ಮೊದಲು ಕನ್ನಡದಾಗ ಅಂದು ನೋಡು. "ನಾನು" ಬಂದ್ರ ಲಿಸನ್ ಟು, "ನನಗ" ಬಂದ್ರ ಹಿಯರ್. ಹತ್ತಕ್ಕ ಒಂಬತ್ತು ಸಲ ಸರಿ ಬರ್ತದ. (ಪ್ರಶ್ನೆ ಕೇಳೋದಕ್ಕೂ ನಾವು ಕೇಳು ಅಂತೀವಿ, ಅದು ಆಸ್ಕ್. ಆ ಹುಡುಗನ್ನ ಈ ಜಗಳದೊಳಗ ಎಳೀಬ್ಯಾಡ.)

ಕಣ್ಣು ಮಂಜಾಗಾಕತ್ತಾವ. ಉಳಿದದ್ದು ನಾಳೆ ಮುಂಜಾನೆ.

ಚಿಗರಿ_ಸವಾರಿ · ರವಿವಾರ, ರಾತ್ರಿ 11:02

ಸರ್!! "ನನಗ" ಬಂದ್ರ ಹಿಯರ್. ಇದನ್ನ ಹನ್ನೆರಡು ವರ್ಷ ಸಾಲ್ಯಾಗ ಯಾರೂ ಹೇಳಿರ್ಲಿಲ್ಲ. ಪೇಷಂಟ್ ಎದಿ ಮ್ಯಾಲ ಸ್ಟೆತೊಸ್ಕೋಪ್ ಇಟ್ಟಾಗ ನಾ ಲಿಸನ್ ಮಾಡ್ತೇನಿ, ನನಗ ಕ್ರೆಪಿಟೇಶನ್ (ಎದ್ಯಾಗಿನ ಕರಕರ ಸಪ್ಪಳ) ಹಿಯರ್ ಆಗ್ತೈತಿ. ಸರೀನ?

ನಿವೃತ್ತ_ಮಾಸ್ತರ · ಸೋಮವಾರ, ಮುಂಜಾನೆ 6:15

ಸರಿ. ನಿನ್ನ ಉದಾಹರಣೆ ನನ್ನದಕ್ಕಿಂತ ಛಲೋ ಅದ. ಮುಂದಿನದು ಕೇಳು.

"ಪುಟ್ ಹೆಡ್‌ಫೋನ್ ಟು ಇಯರ್." ನಮಗ ಹಾಕೋದೊಂದು ಗೊತ್ತಿದ್ರ ಸಂಸಾರ ನಡೀತದ. ಅಂಗಿ ಹಾಕು, ಲೈಟ್ ಹಾಕು, ಒಗ್ಗರಣಿ ಹಾಕು, ಕೀಲಿ ಹಾಕು, ಮಕ್ಕಳನ್ನ ಸಾಲಿಗೆ ಹಾಕು. ಇಂಗ್ಲಿಷಿನಾಗ ಆ ಸಾಮಾನು ಎಲ್ಲಿ ಹೋಗಿ ಕೂಡ್ತದ ಅನ್ನೋದರ ಮ್ಯಾಲ ಬಾಲಾ ಬದಲಾಗ್ತದ. ಕಿವಿಯೊಳಗ ಹೋಗೋದು ಇಯರ್‌ಫೋನ್, ಬಡ್ಸ್. ಅದಕ್ಕ ಪುಟ್ ಇನ್. ತಲಿ ಮ್ಯಾಲ ಬಿಲ್ಲು ಬಾಗಿಸಿ ಕಿವಿ ಮುಚ್ಚೋದು ಹೆಡ್‌ಫೋನ್. ಅದಕ್ಕ ಪುಟ್ ಆನ್. ತಗಿಯೋದಕ್ಕೂ ಹಂಗ, ಟೇಕ್ ಔಟ್, ಟೇಕ್ ಆಫ್. ವೈರ್ ಚುಚ್ಚಿದ್ರ ಪ್ಲಗ್ ಇನ್. ಯಾರರ ಕರೆದದ್ದು ನಿನಗ ಕೇಳಿಸ್ಲಿಲ್ಲ ಅಂತಿಟ್ಟುಕೋ, ಆಗ: "ಸಾರಿ, ಐ ಹ್ಯಾಡ್ ಮೈ ಇಯರ್‌ಫೋನ್ಸ್ ಇನ್, ಐ ಡಿಡಂಟ್ ಹಿಯರ್ ಯೂ." ಈ ಒಂದು ವಾಕ್ಯಾ ಬಾಯಿಪಾಠ ಮಾಡು. ದಿನಾ ಕೆಲಸಕ್ಕ ಬರ್ತದ.

ಪುಟ್ ಆನ್ ಬ್ಯಾರೆ, ವೇರ್ ಬ್ಯಾರೆ. ಅದೂ ನಮ್ಮಲ್ಲೇ ಅದ. "ಹಾಕ್ಕೊಳ್ಳಾಕತ್ತೇನಿ" ಅಂದ್ರ ಕೈ ಇನ್ನೂ ಕಿವಿ ಹತ್ರ ಅದ. "ಹಾಕ್ಕೊಂಡೇನಿ" ಅಂದ್ರ ಕೆಲಸ ಮುಗೀತು, ಅದು ಅಲ್ಲೇ ಅದ, ಅದು ವೇರಿಂಗ್.

ಮೂರನೇದು, ಕೊನೀಗೆ ಒಂದು ಎಸ್ ಬೇಕು. ಹೆಡ್‌ಫೋನ್ಸ್, ಇಯರ್‌ಫೋನ್ಸ್, ಬಡ್ಸ್. ಎರಡು ಕಿವಿ, ಎರಡು ತುಣುಕು. "ಮೈ ಹೆಡ್‌ಫೋನ್ಸ್ ಆರ್", "ಈಸ್" ಅಲ್ಲ. ಒಂದ ಅಂತ ಹೇಳಬೇಕಾದ್ರ "ಅ ಪೇರ್ ಆಫ್". ನಮ್ಮ ಕಡೆ ಕಾಲಿಗೆ ಮೆಟ್ಟೋದಕ್ಕ ಏನಂತೀವಿ? ಜೋಡು. ಅಂಗಡಿಯೊಳಗ ಒಂದು ಕಾಲಿಂದು ಮಾರಂಗಿಲ್ಲಲ್ಲ, ಹಂಗ ಇದು ಕಿವಿ ಜೋಡು.

ಬ್ಯಾಡಗಿ_ಖಾರ · ಸೋಮವಾರ, ಮುಂಜಾನೆ 7:30

ಕಿವಿ ಜೋಡು ಅಂದ್ರ ನಮ್ಮಪ್ಪ ಬ್ಯಾರೆ ಜೋಡು ತಗೀತಾನ್ರೀ ಮಾಸ್ತರ. ಅಂವ ಇದಕ್ಕ "ಬಿರಡಿ" ಅಂತಾನ. "ಕಿವ್ಯಾಗಿನ ಬಿರಡಿ ತಗದು ಊಟಕ್ಕ ಬಾ." ನನ್ನ ಪ್ರಕಾರ ಇದ ಸರಿಯಾದ ಕನ್ನಡ ಶಬ್ದ.

ಸೋಲ್ಡರ್_ಮಾಮಾ · ಸೋಮವಾರ, ಮುಂಜಾನೆ 10:20

ಹುಬ್ಬಳ್ಳಿ ದುರ್ಗದಬೈಲ್ ಕಡೆ ಸಣ್ಣ ರಿಪೇರಿ ಅಂಗಡಿ ನಂದು. ಇಂಗ್ಲಿಷ್ ನನಗ ಅಷ್ಟಕ್ಕಷ್ಟ. ಆದ್ರ ದಿನಕ್ಕ ಹತ್ತು ಮಂದಿ ಬಂದು "ಒಂದ್ ಕಡೆ ಬರವಲ್ತು" ಅಂತಾರ, ಅದರ ಬಗ್ಗೆ ನಾ ಮಾತಾಡಬಹುದು.

ಆ ಅಕ್ಕಾರು "ಒನ್ ಸೈಡ್ ಈಸ್ ನಾಟ್ ಕಮಿಂಗ್" ಅಂದದ್ದು ನನಗಂತೂ ಪೂರಾ ತಿಳೀತು. ನಕ್ಕವ್ರಿಗೆ ತಿಳೀಲಿಲ್ಲಂದ್ರ ಅವರ ಕಿವಿ ತೋರಿಸ್ಕೋಬೇಕು.

ವೈರಿನದಾದ್ರ ಪಿನ್ ನೋಡ್ರಿ. 3.5 ಮಿ.ಮೀ. ಪಿನ್ನಿಗೆ ಎರಡು ಕರೀ ಪಟ್ಟಿ ಇದ್ರ ಬರೇ ಕೇಳೋದಕ್ಕ, ಮೂರಿದ್ರ ಮೈಕೂ ಐತಿ. ಒಳಗ ಕೆಂಪು ತಂತಿ ಬಲಕ್ಕ, ಹಸರು ಇಲ್ಲಾ ನೀಲಿ ಎಡಕ್ಕ, ತಾಮ್ರದ ಬಣ್ಣದ್ದು ಅರ್ಥಿಂಗ್. ಬಹಳ ಮಾಡಿ ಎಲ್ಲಾ ಇದನ್ನ ಪಾಲಸ್ತಾರ, ಎಲ್ಲಾರೂ ಅಲ್ಲ. ಕಡೀತಾವಲ್ಲ, ನೂರಕ್ಕ ಎಂಬತ್ತು ಪಿನ್ನಿನ ಕುತ್ತಿಗಿ ಹತ್ರಾನ ಕಡೀತಾವ, ಇದು ನನ್ನ ಅಂಗಡಿ ಲೆಕ್ಕ. ಕಾರಣ ನೀವ. ಫೋನಿಗೆ ಸುತ್ತಿ ಕಿಸೇದಾಗ ತುರುಕ್ತೀರಿ. ಇನ್ನೊಂದು, ಫೋನಿನ ತೂತಿನ್ಯಾಗ ಕಿಸೇದ ಹತ್ತಿ ತುಂಬಿರ್ತೈತಿ, ಪಿನ್ ಪೂರಾ ಇಳಿಯಂಗಿಲ್ಲ. ಹೊಸಾ ಇಯರ್‌ಫೋನ್ ತಗೊಳ್ಳೋ ಮೊದಲು ಕಟ್ಟಿಗಿ ಹಲ್ಲುಕಡ್ಡಿಲೆ ಮೆಲ್ಲಕ ಆ ಹತ್ತಿ ತಗೀರಿ. ಸೂಜಿ ಬ್ಯಾಡ. ತಂತಿ ಕಡದಿದ್ರ ಬೆಸಿಗಿ ಹಾಕಬಹುದು, ಆದ್ರ ಅದರ ಮ್ಯಾಲ ಮೆರುಗಿನ ಲೇಪ ಇರ್ತೈತಿ. ಅದನ್ನ ಸುಟ್ಟು ತಗೀದ ಸೋಲ್ಡರ್ ಹಿಡಿಯಂಗಿಲ್ಲ. ಮನ್ಯಾಗ ಮಾಡಾಕ ಹೋಗಿ ಸೋತವ್ರೆಲ್ಲಾ ಸೋಲೋದು ಇಲ್ಲೇ.

ಈ ಪಿನ್ನಿನ ಅಜ್ಜ ಬಹಳ ಹಳಬಾಂವ. ಗಿಟಾರಿಗೆ ಹಾಕ್ತಾರಲ್ಲ 6.35 ಮಿ.ಮೀ. ದಪ್ಪಂದು, ಅದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಆಪರೇಟರ್ ಹೆಣ್ಮಕ್ಕಳು ಕಾಲ್ ಜೋಡ್ಸಾಕ ಚುಚ್ತಿದ್ದದ್ದು. 2016ರಾಗ ಐಫೋನ್ 7 ಆ ತೂತ ಮುಚ್ಚಿತು, ಉಳಿದವ್ರು ಒಬ್ಬೊಬ್ಬರಾಗಿ ಬೆನ್ನು ಹತ್ತಿದ್ರು. ನನ್ನ ಧಂದೆನೂ ಅರ್ಧಾ ಮುಚ್ಚಿತು. ಬಡ್ಸ್ ಬಿಚ್ಚಿ ರಿಪೇರಿ ಮಾಡೋದು ಬಹಳ ಹೈರಾಣ, ಅಂಟು ಹಚ್ಚಿ ಮುಚ್ಚಿರ್ತಾರ.

ಅಕ್ಕಾರ, ನಿಮ್ದು ವೈರಿಂದೋ ಬಡ್ಸೋ?

ಚಿಗರಿ_ಸವಾರಿ · ಸೋಮವಾರ, ಮಧ್ಯಾಹ್ನ 2:10

ಬಡ್ಸ್ ಅಣ್ಣಾರ. ಎಡಗಡಿದು ಬಂದ್ ಆಗೇತಿ. ಇಂಗ್ಲಿಷ್‌ನ್ಯಾಗ ಹೆಂಗ ಅನ್ನೋದು ಇನ್ನೂ ಯಾರೂ ಹೇಳಿಲ್ಲ ನೋಡ್ರಿ.

ರಾತ್ರಿ_ಪಾಳಿ · ಸೋಮವಾರ, ಮಧ್ಯಾಹ್ನ 3:25

ಈಗ ಎದ್ದೆ. ಇದು ನನ್ನ ಪಾಲಿಂದು. ಏಳು ವರ್ಷದಿಂದ ರಾತ್ರಿ 7ರಿಂದ ಮುಂಜಾನೆ 4ರ ತನಕ ಹೆಡ್‌ಸೆಟ್ ಹಾಕ್ಕೊಂಡು ಅಮೆರಿಕಾದವ್ರ ಕೂಡ ಮಾತಾಡೋದ ನನ್ನ ಕೆಲಸ. (ಬಾಯಿ ಮುಂದ ಮೈಕಿನ ಕಡ್ಡಿ ಇದ್ರ ಹೆಡ್‌ಸೆಟ್. ಮೈಕ್ ಮುಖ್ಯ ಅಲ್ಲಂದ್ರ ಹೆಡ್‌ಫೋನ್.)

ಎಡಗಡಿದು ಸತ್ತದ್ದಕ್ಕ: "ದ ಲೆಫ್ಟ್ ಒನ್ ಈಸಂಟ್ ವರ್ಕಿಂಗ್." ಇಲ್ಲಾ "ಐ ಆಮ್ ಓನ್ಲಿ ಗೆಟಿಂಗ್ ಸೌಂಡ್ ಇನ್ ಒನ್ ಇಯರ್." ಕನ್ನಡದಾಗ ಸೌಂಡ್ ಬರ್ತೈತಿ, ಇಂಗ್ಲಿಷ್‌ನ್ಯಾಗ ನಾವು ಸೌಂಡ್ ಪಡೀತೇವಿ. ಅಷ್ಟ ಫರಕು. ಚಾರ್ಜ್ ಖಾಲಿ ಆದ್ರ "ದೇ ಡೈಡ್ ಆನ್ ಮಿ." ಬ್ಯಾಟರಿ ಸತ್ತದ್ದಕ್ಕ ನನ್ನ ಮ್ಯಾಲ ಯಾಕ ಹಾಕ್ತೀರಿ ಅಂತ ಮೊದಮೊದಲು ನನಗೂ ಅನಸ್ತಿತ್ತು. ಕರಕರ ಅಂದ್ರ ಕ್ರ್ಯಾಕ್ಲಿಂಗ್. ಬಾಯಾಗ ಅರಬಿ ತುರುಕಿಧಂಗ ಕೇಳಿದ್ರ ಮಫಲ್ಡ್. ವೈರ್ ಗೊಜ್ಜ ಆಗಿದ್ರ ಟ್ಯಾಂಗಲ್ಡ್. ವಾಲ್ಯೂಮ್‌ಗೆ ಇನ್‌ಕ್ರೀಸ್, ಡಿಕ್ರೀಸ್ ಅಂದ್ರೂ ತಪ್ಪಲ್ಲ, ಆದ್ರ ಅವ್ರು ಮನ್ಯಾಗ ಅನ್ನೋದು ಟರ್ನ್ ಇಟ್ ಅಪ್, ಟರ್ನ್ ಇಟ್ ಡೌನ್.

"ಯುವರ್ ವಾಯ್ಸ್ ಈಸ್ ಬ್ರೇಕಿಂಗ್" ಅಂತ ನಾವೆಲ್ಲಾ ಅಂತೇವಿ. ಒಂದ್ಸಲ ಒಬ್ಬ ಅಜ್ಜಗ ಹಂಗಂದೆ. ಅಂವ ನಕ್ಕು, ನನ್ನ ದನಿ ಒಡದು ಅರವತ್ತು ವರ್ಷ ಆತು ಅಂದ. ಗಂಡುಹುಡುಗರ ದನಿ ವಯಸ್ಸಿಗೆ ಬರುಮುಂದ ಒಡೀತೈತಲ್ಲ, ಅವ್ರಿಗೆ ಅದು ನೆನಪಾಕ್ಕೈತಿ. "ಯೂ ಆರ್ ಬ್ರೇಕಿಂಗ್ ಅಪ್" ಅನ್ನಬೇಕು. "ಆಮ್ ಐ ಆಡಿಬಲ್" ಅಂತೂ ಅಲ್ಲಿ ಯಾರೂ ಅನ್ನಂಗಿಲ್ಲ.

ನಿವೃತ್ತ_ಮಾಸ್ತರ · ಸೋಮವಾರ, ಸಂಜಿ 5:00

ಯಾರೂ ಅನ್ನಂಗಿಲ್ಲ ಅಂದ್ರ ತಪ್ಪು ಅಂತಲ್ಲ. "ಆಮ್ ಐ ಆಡಿಬಲ್" ವ್ಯಾಕರಣದ ಪ್ರಕಾರ ಚೊಕ್ಕ ಅದ.

ರಾತ್ರಿ_ಪಾಳಿ · ಸೋಮವಾರ, ಸಂಜಿ 5:12

ಚೊಕ್ಕ ಐತ್ರೀ ಸರ್, ಆದ್ರ ಊಟಕ್ಕ ಕರದಾಗ "ನಾನು ಭೋಜನ ಸ್ವೀಕರಿಸಲೇ" ಅಂಧಂಗ. "ಕ್ಯಾನ್ ಯೂ ಹಿಯರ್ ಮಿ" ಅಂದ್ರ ಮುಗೀತು.

ನಿವೃತ್ತ_ಮಾಸ್ತರ · ಸೋಮವಾರ, ಸಂಜಿ 5:15

ಒಪ್ಪಿದೆ. ಭೋಜನ ಸ್ವೀಕರಿಸಲೇ ಅನ್ನೋ ಮಂದೀನೂ ನಮ್ಮ ಊರಾಗ ಇದ್ದರು, ಅದು ಬ್ಯಾರೆ ಮಾತು.

ರಾತ್ರಿ_ಪಾಳಿ · ಸೋಮವಾರ, ಸಂಜಿ 5:31

ಇನ್ನೊಂದು ಅನುಭವದ ಮಾತು. ಎರಡೂ ಕಿವಿ ಮುಚ್ಚಿದ್ರ ನಾವು ಒದರಾಕ ಚಾಲೂ ಮಾಡ್ತೇವಿ. ನಮ್ಮ ದನಿ ನಮಗ ಕೇಳಿಸಂಗಿಲ್ಲಲ್ಲ, ಅದಕ್ಕ. ಗದ್ದಲದಾಗ ಮನಶ್ಯಾ ತಾನಾಗೇ ದನಿ ಏರಸ್ತಾನ ಅಂತ 1911ರಾಗ ಲೊಂಬಾರ್ಡ್ ಅನ್ನೋ ಫ್ರೆಂಚ್ ಡಾಕ್ಟರ್ ತೋರ್ಸಿಕೊಟ್ಟ. ಅದಕ್ಕ ಅವನ ಹೆಸರ ಐತಿ. ನಮ್ಮ ಹೆಡ್‌ಸೆಟ್ಟಿನ್ಯಾಗ ನಮ್ಮ ದನೀನ ಚೂರು ವಾಪಸ್ ಕಿವಿಗೆ ಬಿಡ್ತಾರ, ಅದಕ್ಕ ಸೈಡ್‌ಟೋನ್ ಅಂತಾರ. ಅದಿಲ್ಲಂದ್ರ ಇಡೀ ಫ್ಲೋರ್ ಗುರುವಾರ ಸಂತಿ ಆಗ್ತಿತ್ತು. ನೀವು ಮನ್ಯಾಗ ಆನ್‌ಲೈನ್ ಮಾತಾಡೋ ಅಭ್ಯಾಸ ಮಾಡುಮುಂದ ಒಂದ ಕಿವಿಗೆ ಹಾಕ್ಕೊಳ್ರಿ. ನಿಮ್ಮ ಉಚ್ಚಾರ ನಿಮಗ ಕೇಳಸ್ತೈತಿ.

ಸೋಲ್ಡರ್_ಮಾಮಾ · ಸೋಮವಾರ, ಸಂಜಿ 6:40

ಆನ್‌ಲೈನ್ ಅಂದ್ರ ನೆನಪಾತು. ಬಡ್ಸ್ ಹಾಕ್ಕೊಂಡು ಹಾಡು ಹಚ್ಚಿದ್ರ ಮಸ್ತ್ ಇರ್ತೈತಿ. ಕಾಲ್ ಬಂದ ಕೂಡ್ಲೇ ಹಾಡಿನ ದನಿ ಕೊಡದಾಗಿಂದ ಬಂಧಂಗ ಆಕ್ಕೈತಿ. ಬಡ್ಸ್ ಕೆಟ್ಟಾವು ಅಂತ ನನ್ನ ಹತ್ರ ತರ್ತಾರ. ಕೆಟ್ಟಿರಂಗಿಲ್ಲ. ಬ್ಲೂಟೂತಿಗೆ ಹಾಡಿನ ದಾರಿ ಬ್ಯಾರೆ, ಮಾತಿನ ದಾರಿ ಬ್ಯಾರೆ. ಹಾಡಿನ ದಾರ್ಯಾಗ ಸೌಂಡ್ ಒಂದ ಕಡಿಗೆ ಹರೀತೈತಿ, ಮೈಕ್ ಬಂದ್ ಇರ್ತೈತಿ. ಮೈಕ್ ಚಾಲೂ ಆದ ಕೂಡ್ಲೇ ಮಾತಿನ ದಾರಿಗೆ ಹೊಳ್ಳತೈತಿ, ಅದು ಸಣ್ಣ ಓಣಿ. ಹೊಸಾ ಫೋನು, ಹೊಸಾ ಬಡ್ಸಿನ್ಯಾಗ ಸ್ವಲ್ಪ ಸುಧಾರಿಸೇತಿ. ಅಭ್ಯಾಸಕ್ಕ ನಿಮ್ಮ ದನಿ ರೆಕಾರ್ಡ್ ಮಾಡೋರಿದ್ರ ನೂರು ರೂಪಾಯಿ ವೈರಿನ ಇಯರ್‌ಫೋನ್ ಸಾಕ್ರೀ.

ತಂಬೂರಿ_ತಂತಿ · ಸೋಮವಾರ, ರಾತ್ರಿ 8:05

ಧಾರವಾಡದಲ್ಲಿ ಸಂಗೀತ ಕಲಿಯುತ್ತಿದ್ದೇನೆ. ಒಂದು ಕಿವಿ ಸತ್ತರೆ ಅಳಬೇಡಿ, ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣ ಹಚ್ಚಿಕೊಳ್ಳಿ. ಆ ಕಾಲದ ಮುದ್ರಣ ಮೋನೊ, ಎರಡೂ ಕಿವಿಗೆ ಬರುವುದು ಒಂದೇ. ಒಂದು ಕಿವಿಯಲ್ಲಿ ಕೇಳಿದರೂ ಒಂದು ಮುರಕಿಯೂ ತಪ್ಪುವುದಿಲ್ಲ. ಹೊಸ ಸ್ಟೀರಿಯೊ ಹಾಡಾದರೆ ಫೋನಿನ ಅಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೊ ಆಡಿಯೊ ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಎಡದ್ದೂ ಬಲದ್ದೂ ಕೂಡಿ ಒಂದೇ ಕಿವಿಗೆ ಬರುತ್ತದೆ.

ಒಂದು ಎಚ್ಚರಿಕೆ. ಬ್ಲೂಟೂತಿನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ, ಹಾಗಾಗಿ ಬಡ್ಸ್ ಹಾಕಿಕೊಂಡು ತಬಲಾ ಆ್ಯಪಿನ ಜೊತೆ ರಿಯಾಜ್ ಮಾಡಲಿಕ್ಕಾಗುವುದಿಲ್ಲ.

ಸೋಲ್ಡರ್_ಮಾಮಾ · ಸೋಮವಾರ, ರಾತ್ರಿ 8:30

ತಂಬೂರಿ ಅವ್ರ, ಅದು ಹಂಗಲ್ಲ. ತಬಲಾ ತಡಾ ಆಗಿ ಬಂದ್ರೂ ನೀವು ಹಾಡೋದು ಕಿವಿಗೆ ಬಂದ ತಾಳಕ್ಕ. ಎಲ್ಲಾ ಕೂಡೇ ಹಿಂದ ಸರೀತೈತಿ, ತಾಳ ತಪ್ಪಂಗಿಲ್ಲ. ತ್ರಾಸು ಬರೋದು ನಿಮ್ಮ ದನೀನ ಮೈಕಿನಿಂದ ಬಡ್ಸಿಗೆ ವಾಪಸ್ ಕೇಳಬೇಕಂದಾಗ, ಇಲ್ಲಾ ಕೀಬೋರ್ಡ್ ಬಡದು ಅದನ್ನ ಬಡ್ಸಿನ್ಯಾಗ ಕೇಳಿದಾಗ.

ತಂಬೂರಿ_ತಂತಿ · ಸೋಮವಾರ, ರಾತ್ರಿ 8:44

ಯೋಚಿಸಿದೆ. ನೀವು ಹೇಳಿದ್ದು ಸರಿ. ನನ್ನ ತಾಳ ತಪ್ಪಿದ್ದಕ್ಕೆ ಇಷ್ಟು ದಿನ ಬಡ್ಸನ್ನು ಬೈದೆ.

ಕಿವಿ_ಮಾತು · ಸೋಮವಾರ, ರಾತ್ರಿ 9:20

ನಾನು ಶಿವಮೊಗ್ಗದವಳು, ಹುಬ್ಬಳ್ಳಿಯಲ್ಲಿ ಶ್ರವಣ ಪರೀಕ್ಷೆಯ ಕೆಲಸ. ಈ ಚರ್ಚೆಯಲ್ಲಿ ಎಲ್ಲರೂ ಕಿವಿಯೊಳಗೆ ಏನು ಹಾಕಬೇಕು ಅಂತ ಹೇಳಿದರು, ಎಷ್ಟು ಹೊತ್ತು ಅಂತ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು. 90 ಆದರೆ ವಾರಕ್ಕೆ 4 ತಾಸು ಮಾತ್ರ. ಹತ್ತು ಡೆಸಿಬೆಲ್ ಏರಿದ್ದಕ್ಕೆ ಸಮಯ ಹತ್ತರಲ್ಲಿ ಒಂದಕ್ಕೆ ಇಳಿಯಿತು ನೋಡಿ. ಪ್ರತಿ 3 ಡೆಸಿಬೆಲ್‌ಗೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಅದಕ್ಕೆ ಹೀಗೆ. ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಬಸ್ಸಿನಲ್ಲಿ ಮೋಸವಾಗುವುದು ಹೇಗೆಂದರೆ, ಸುತ್ತಲಿನ ಗದ್ದಲವನ್ನು ಮುಚ್ಚಲಿಕ್ಕೆ ನಾವು ವಾಲ್ಯೂಮ್ ಏರಿಸುತ್ತೇವೆ, ಇಳಿದ ಮೇಲೆ ಇಳಿಸಲು ಮರೆಯುತ್ತೇವೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಒಳ್ಳೆಯದು. ಅದು ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದರ ತಿರುಗುಮುರುಗು ಅಲೆಯನ್ನು ಕಿವಿಗೆ ಬಿಡುತ್ತದೆ. ಎರಡೂ ಕೂಡಿ ಅಡಗುತ್ತವೆ. ಎಂಜಿನ್ನಿನ ಗುಂಯ್‌ಗುಡುವಿಕೆ ಚೆನ್ನಾಗಿ ಅಡಗುತ್ತದೆ, ಪಕ್ಕದವರ ಮಾತು ಅಷ್ಟಾಗಿ ಅಡಗುವುದಿಲ್ಲ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅಂದರೆ ಇಂಗ್ಲಿಷಿನಲ್ಲಿ "ಮೈ ಇಯರ್ಸ್ ಆರ್ ರಿಂಗಿಂಗ್". ದಿನಗಟ್ಟಲೆ ಹಾಗೇ ಇದ್ದರೆ ಅದನ್ನು ಹೇಳಬೇಕಾದದ್ದು ಐಇಎಲ್‌ಟಿಎಸ್‌ನವರಿಗಲ್ಲ, ಇಎನ್‌ಟಿ ಡಾಕ್ಟರಿಗೆ.

@ಚಿಗರಿ_ಸವಾರಿ ಒಂದು ಬಡ್ ಸತ್ತಿದೆ ಅಂದಿರಿ. ಮೊದಲು ಅದರ ಜಾಲರಿ ನೋಡಿ. ನಾನು ಕಂಡ ಮಟ್ಟಿಗೆ ಅರ್ಧಕ್ಕರ್ಧ ಗುಗ್ಗೆ ಕಟ್ಟಿಕೊಂಡಿರುತ್ತದೆ.

ಬ್ಯಾಡಗಿ_ಖಾರ · ಸೋಮವಾರ, ರಾತ್ರಿ 9:33

ಊಟಾ ಮಾಡಾಕತ್ತೇನ್ರೀ ಮೇಡಮ್.

ಚಿಗರಿ_ಸವಾರಿ · ಮಂಗಳವಾರ, ರಾತ್ರಿ 10:15

ಎಲ್ಲಾ ಓದಿದೆ, ಎರಡೆರಡು ಸಲ. ಇವತ್ತ ಬಸ್ಸಿನ್ಯಾಗ ಕುಂತು ಉತ್ತರ ಬರದೇನಿ, ತಿದ್ರಿ: "ಯೆಸ್, ಐ ಯೂಸ್ ಇಯರ್‌ಬಡ್ಸ್ ಎವ್ರಿ ಡೇ. ಐ ಪುಟ್ ದೆಮ್ ಇನ್ ಆಸ್ ಸೂನ್ ಆಸ್ ಐ ಗೆಟ್ ಆನ್ ದ ಬಸ್, ಅಂಡ್ ಐ ಲಿಸನ್ ಟು ಓಲ್ಡ್ ಕನ್ನಡ ಸಾಂಗ್ಸ್. ಮ್ಯೂಸಿಕ್ ಮೇಕ್ಸ್ ಮಿ ರಿಲ್ಯಾಕ್ಸ್ಡ್ ಅಂಡ್ ಹ್ಯಾಪಿ."

ನಿವೃತ್ತ_ಮಾಸ್ತರ · ಮಂಗಳವಾರ, ರಾತ್ರಿ 10:40

ತಪ್ಪು ಒಂದೂ ಇಲ್ಲ. ಶಭಾಷ್.

ರಾತ್ರಿ_ಪಾಳಿ · ಮಂಗಳವಾರ, ರಾತ್ರಿ 11:55

ಬ್ರೇಕಿನ್ಯಾಗ ಅದೇನಿ. ತಪ್ಪಿಲ್ಲ, ಖರೆ. ಆದ್ರ ಕೊನೀ ವಾಕ್ಯ ಸಾವಿರ ಮಂದಿ ಆಡ್ತಾರ. ಅದರ ಮ್ಯಾಲ "ವೈ?" ಅಂತ ಕೇಳಿದ್ರ ನೀವು ಮತ್ತ ನಿಲ್ತೀರಿ, ಯಾಕಂದ್ರ ಅದು ನಿಮ್ಮ ಮಾತಲ್ಲ. ಖರೇ ಹೇಳ್ರಿ, ಬಸ್ಸಿನ್ಯಾಗ ಕಿವಿಗೆ ಹಾಕ್ಕೊಂಡು ಏನ್ ಮಾಡ್ತೀರಿ? ಕನ್ನಡದಾಗ ಬರೀರಿ.

ಚಿಗರಿ_ಸವಾರಿ · ಬುಧವಾರ, ಮುಂಜಾನೆ 5:50

ಖರೇ ಹೇಳ್ಲ್ಯಾ? ಬರುಮುಂದ ಬಹಳ ಸಲ ಹಾಡ ಇರಂಗಿಲ್ಲ. ಹನ್ನೆರಡು ತಾಸು ಮಾನಿಟರ್ ಟೊಂಯ್ ಟೊಂಯ್ ಅಂತಿರ್ತೈತಿ, ವೆಂಟಿಲೇಟರ್ ಒದರ್ತೈತಿ, ಸಂಬಂಧಿಕರು "ಸಿಸ್ಟರ್, ಸಿಸ್ಟರ್" ಅಂತ ಕರೀತಾರ. ಬಸ್ಸಿನ್ಯಾಗ ಬಾಜು ಕುಂತವ್ರು ಯೂನಿಫಾರ್ಮ್ ನೋಡಿ "ಯವ್ವಾ, ನನ್ನ ಮೊಣಕಾಲ" ಅಂತ ಚಾಲೂ ಮಾಡ್ತಾರ. ಅವ್ರದೂ ತಪ್ಪಲ್ಲ. ಅದಕ್ಕ ಎರಡೂ ಕಿವ್ಯಾಗ ಬಡ್ಸ್ ಇಟ್ಕೊಂಡು, ಏನೂ ಹಚ್ಚದ, ಕಿಡಕಿ ಕಡೆ ಮುಖಾ ಮಾಡಿ ಕುಂದರ್ತೇನಿ. ಎಡಗಡಿದು ಸತ್ತು ತಿಂಗಳಾತು, ಇನ್ನೂ ಯಾಕ ರಿಪೇರಿ ಮಾಡ್ಸಿಲ್ಲ ಅಂದ್ರ ಇದಕ್ಕ. ಒಂದ್ಸಲ ಹಂಗ ನಿದ್ದಿ ಹತ್ತಿ ಟೋಲ್‌ನಾಕಾ ದಾಟಿ ಜುಬಿಲಿ ಸರ್ಕಲ್ ತನಕ ಹೋಗೇನಿ. ಅವ್ವಗ ಹೇಳಿಲ್ಲ.

ರಾತ್ರಿ_ಪಾಳಿ · ಬುಧವಾರ, ಮಧ್ಯಾಹ್ನ 3:40

ಇದನ್ನ ಹೇಳ್ರಿ. ಇದನ್ನ. "ಟು ಬಿ ಆನೆಸ್ಟ್, ಆನ್ ದ ವೇ ಹೋಮ್ ದೇರ್ ಈಸ್ ಆಫನ್ ನಥಿಂಗ್ ಪ್ಲೇಯಿಂಗ್. ಐ ಜಸ್ಟ್ ಕೀಪ್ ದೆಮ್ ಇನ್ ಸೋ ದಟ್ ನೋಬಡಿ ಟಾಕ್ಸ್ ಟು ಮಿ." ಆಮ್ಯಾಲೆ ಮಾನಿಟರ್ ವಿಷಯ. ವೈ ಅಂತ ಕೇಳ್ಲಿ, ನಿಮ್ಮ ಹತ್ರ ಹತ್ತು ನಿಮಿಷದ ಸರಕು ಐತಿ.

ನಿವೃತ್ತ_ಮಾಸ್ತರ · ಬುಧವಾರ, ಸಂಜಿ 4:30

ನಾನು ಶಭಾಷ್ ಅಂದದ್ದು ಗಡಿಬಿಡಿ ಆತು. ತಪ್ಪು ಹುಡುಕೋ ಚಟ, ತಪ್ಪು ಸಿಗ್ಲಿಲ್ಲ ಅಂದ ಕೂಡ್ಲೇ ಪೆನ್ನು ಕೆಳಗ ಇಟ್ಟೆ. "ಕೀಪ್ ದೆಮ್ ಇನ್" ಛಂದ ಅದ. ಪುಟ್ ಇನ್ ಅಂದ್ರ ಹಾಕ್ಕೊಳ್ಳೋದು, ಕೀಪ್ ಇನ್ ಅಂದ್ರ ತಗೀದ ಇರೋದು. ಅವರು ಮುಂದ "ಯಾವಾಗ ಹೆಡ್‌ಫೋನ್ ಹಾಕ್ಕೊಳ್ಳಂಗಿಲ್ಲ?" ಅಂತನೂ ಕೇಳಬಹುದು. ಅದಕ್ಕೇನಂತೀ?

ಚಿಗರಿ_ಸವಾರಿ · ಬುಧವಾರ, ರಾತ್ರಿ 9:10

ವಾರ್ಡಿನ್ಯಾಗ, ಸರ್. ಅಲ್ಲಿ ಕಿವ್ಯಾಗ ಹೋಗೋದು ಸ್ಟೆತೊಸ್ಕೋಪ್ ಒಂದ. "ಅಟ್ ವರ್ಕ್, ದಿ ಓನ್ಲಿ ಥಿಂಗ್ ಐ ಪುಟ್ ಇನ್ ಮೈ ಇಯರ್ಸ್ ಈಸ್ ಅ ಸ್ಟೆತೊಸ್ಕೋಪ್." ಆಮ್ಯಾಲೆ ರಸ್ತೆ ದಾಟುಮುಂದ. ಚಿಗರಿ ಬಸ್ ತನ್ನ ಹಾದ್ಯಾಗ ಜೋರಾಗಿ ಬರ್ತೈತಿ, ಎಸಿ ಗಾಡಿ, ಸಪ್ಪಳ ಕಡಿಮಿ. "ಐ ಟೇಕ್ ದೆಮ್ ಔಟ್ ಬಿಫೋರ್ ಐ ಕ್ರಾಸ್ ದ ರೋಡ್, ಬಿಕಾಸ್ ಐ ನೀಡ್ ಟು ಹಿಯರ್ ದ ಬಸ್." ನನಗ ಕೇಳಿಸಬೇಕು. ಅದಕ್ಕ ಹಿಯರ್.

ನಿವೃತ್ತ_ಮಾಸ್ತರ · ಬುಧವಾರ, ರಾತ್ರಿ 9:22

ನನ್ನ ಕೆಲಸ ಮುಗೀತು.

ಸೋಲ್ಡರ್_ಮಾಮಾ · ಗುರುವಾರ, ಮುಂಜಾನೆ 11:00

ನಂದು ಮುಗಿದಿಲ್ಲ. ಅಕ್ಕಾರ, ಆ ಎಡಗಡಿದು ಮೇಡಮ್ ಹೇಳಿಧಂಗ ಜಾಲರಿ ಒಣಾ ಬ್ರಶ್‌ಲೆ ಒರಸಿ ನೋಡ್ರಿ, ನೀರು ಹಚ್ಚಬ್ಯಾಡ್ರಿ. ಆಗದಿದ್ರ ಎರಡೂ ಡಬ್ಬ್ಯಾಗ ಇಟ್ಟು ರೀಸೆಟ್ ಹೊಡೀರಿ, ಫೋನಿನ್ಯಾಗ ಹಳೇ ಹೆಸರ ಅಳಿಸಿ ಮತ್ತ ಜೋಡಸ್ರಿ. ಅದಕ್ಕೂ ಆಗದಿದ್ರ ಅಂಗಡಿಗೆ ತರ್ರಿ.

ಚಿಗರಿ_ಸವಾರಿ · ಮುಂದಿನ ಶನಿವಾರ, ಸಂಜಿ 7:05

ಜಾಲರಿ ಒರಸಿದೆ, ಎಡಗಡಿದು ಬಂತು. (ಬ್ಯಾಡಗಿ ಅಣ್ಣಾರ ಊಟಾ ಆಗಿರಬೇಕು ಅಂತ ಈಗ ಹೇಳಾಕತ್ತೇನಿ.) ಈಗ ಸೌಂಡ್ ಎರಡೂ ಕಿವಿಗೆ ಗೆಟಿಂಗ್.

ಇವತ್ತ ಎರಡನೇ ಮಾಕ್ ಇತ್ತು. ಹೆಡ್‌ಫೋನ್ ಬರ್ಲೇ ಇಲ್ಲ. ಛತ್ರಿ ಬಗ್ಗೆ ಕೇಳಿದ್ರು.

ನಿವೃತ್ತ_ಮಾಸ್ತರ · ಶನಿವಾರ, ಸಂಜಿ 7:09

ಛತ್ರಿ ಒಂದ ಇರ್ತದ, ಜೋಡು ಅಲ್ಲ. "ಆ್ಯನ್" ಹಚ್ಚಿದೆಯೋ ಇಲ್ಲೋ?

ಚಿಗರಿ_ಸವಾರಿ · ಶನಿವಾರ, ಸಂಜಿ 7:12

ಹಚ್ಚೇನ್ರೀ ಸರ್. ಪುಟ್ ಆನ್ ಅಲ್ಲ, ಪುಟ್ ಇನ್ ಅಲ್ಲ, ಪುಟ್ ಅಪ್ ಅಂದೆ. ಆಮ್ಯಾಲೆ ಖರೇದ ಹೇಳಿದೆ, ಮಳ್ಯಾಗ ನಾಕು ಛತ್ರಿ ಚಿಗರಿಯೊಳಗ ಬಿಟ್ಟು ಇಳದೇನಿ ಅಂತ. ಸರ್ ಇನ್ನೂ ಮೂರು ಪ್ರಶ್ನಿ ಅದರ ಮ್ಯಾಲೇ ಕೇಳಿದ್ರು. 6.5.

ಬ್ಯಾಡಗಿ_ಖಾರ · ಶನಿವಾರ, ಸಂಜಿ 7:20

ನಾಕು ಛತ್ರಿ? ಅದರಾಗೊಂದು ಹಸರು ಬಣ್ಣದ್ದು, ಮುರದ ಹಿಡಿಕಿದ್ದು ಇತ್ತೇನ್ರೀ?